ಹೆಬ್ಬಾತಿನ ಗರಿ

ಮೊದಲು ಕೈ ತಣ್ಣಗಾಗಲಿ, ಸಾತೆನಿಕ್.
ನಮ್ಮ ಮೈಬಿಸಿ ಅವಳಿಗೆ ಕೆಂಡ.
ತೊಟ್ಟಿಯೊಳಗೆ ಮೊಣಕೈವರೆಗೆ ಅದ್ದು, ನೂರು ಎಣಿಸು,
ಬೆರಳು ನಿನ್ನವೇ ಅಲ್ಲ ಅನ್ನಿಸಿದಾಗ ತೆಗೆ.

ಈಗ ಉಣ್ಣೆಬಟ್ಟೆಯಲ್ಲಿ ಬಾಲದ ಬುಡ ಹಿಡಿ.
ಒದ್ದಾಡಲಿ. ಬಯ್ಯಬೇಡ.
ಗಂಟಲಿನಿಂದ ಕೆಳಕ್ಕೆ, ಹೆಬ್ಬೆರಳಿನಲ್ಲಿ, ನಿಧಾನ.
ಹಿಟ್ಟು ನಾದುವ ಕೈಯಲ್ಲ ಇದು,
ಮಲಗಿದ ಮಗುವಿನ ಅಂಗಿ ಕಳಚುವ ಕೈ.
ನೋಡು, ಬಂತು:
ಏಪ್ರಿಕಾಟ್ ಬಣ್ಣದ ಸಾವಿರ ಮಣಿ
ಎನಾಮೆಲ್ ಬೋಗುಣಿಗೆ ಪಟಪಟ,
ಆಲಿಕಲ್ಲಿನ ಸದ್ದು, ಆದರೆ ಮೆತ್ತಗೆ.

ಗಂಡಿನ ಹಾಲು ಒಂದು ಚಮಚ ಸಾಕು.
ಆಮೇಲೆ ಈ ಗರಿ.
ಹೆಬ್ಬಾತಿನದು, ಎಡರೆಕ್ಕೆಯದು. ಯಾಕೆಂದು ಕೇಳಬೇಡ,
ನನಗೆ ಕಲಿಸಿದ ಆರ್ಶಲೂಯ್ಸ್ ಎಡಗೈಯವಳು.
ಚಮಚದಲ್ಲಿ ಕಲಕಿದರೆ ಗಾಯ,
ಬೆರಳಲ್ಲಿ ಕಲಕಿದರೂ ಗಾಯ,
ಗರಿಯೊಂದಕ್ಕೇ ಗೊತ್ತು ಮುಟ್ಟಿಯೂ ಮುಟ್ಟದಿರುವುದು.

ಇವಳ ಹೆಸರು ಇಷ್ಖಾನ್. ದೊರೆ ಎಂದರ್ಥ.
ದೊರೆಯ ಹೆಸರು ಹೊತ್ತ ಬಸುರಿ. ನಗು ಬಂದರೆ ನಗು.
ಇವಳದು ಹೊಳೆ ಹತ್ತಿ ಮೊಟ್ಟೆಯಿಡುವ ಕುಲ, ಗೆಘರ್ಕುನಿ,
ಅದಕ್ಕೇ ಉಳಿದಳು, ನಮ್ಮ ಬೋಗುಣಿಗೆ ಸಿಕ್ಕಳು.
ಬೊಜಾಕ್ ಎಂಬ ಇನ್ನೊಬ್ಬಳಿದ್ದಳು, ಗೇಣುದ್ದದವಳು,
ಸರೋವರ ಬಿಟ್ಟು ಎಲ್ಲಿಗೂ ಹೋಗದವಳು,
ದಂಡೆಯ ಕಲ್ಲುಗಳ ನಡುವೆಯೇ ಹೆರುತ್ತಿದ್ದಳು.
ಕರೆಂಟಿಗೆಂದು ಸುರಂಗ ತೋಡಿ ಸೆವಾನನ್ನು ಕುಡಿದರು,
ಹತ್ತೊಂಬತ್ತು ಮೀಟರ್.
ನಮ್ಮಜ್ಜಿ ದೋಣಿಯಲ್ಲಿ ಹೋಗಿ ಮೇಣದಬತ್ತಿ ಹಚ್ಚಿದ ದ್ವೀಪಕ್ಕೆ
ನಾನು ಬೂಟು ಹಾಕಿಕೊಂಡು ನಡೆದೆ.
ಕಾಲಡಿ ಕರಕರ, ಬಿಳಿಬಿಳಿ ಕಲ್ಲು.
ಅದು ಅವಳ ಹೆರಿಗೆಮನೆ ಎಂದು
ಆಗ ಯಾರೂ ಹೇಳಲಿಲ್ಲ.
ಮನೆಯಲ್ಲಿ ಬಲ್ಬು ಉರಿಯಿತು. ಸುಳ್ಳೇಕೆ, ಖುಷಿಯೂ ಆಯಿತು.

ಗರಿ ನಿಲ್ಲಿಸಬೇಡ.

ಹೋದ ವರ್ಷ ಇಸಿಕ್-ಕುಲ್‌ನಿಂದ ಒಬ್ಬ ಬಂದಿದ್ದ,
ತುರ್ದುಬೆಕ್, ಕಿರ್ಗಿಜ್ ಬೆಸ್ತ,
ಬಿಳಿ ಕಂಬಳಿಟೋಪಿಯನ್ನು ತೊಡೆಯ ಮೇಲಿಟ್ಟು ಕೂತ.
ನಾನು ಹುಟ್ಟುವ ಮೊದಲೇ ನಮ್ಮವರು
ಮೊಟ್ಟೆಗಳನ್ನು ಹಸಿ ಪಾಚಿಯಲ್ಲಿ ಸುತ್ತಿ, ಮಂಜುಗಡ್ಡೆಯಿಟ್ಟು,
ಅವನ ಸರೋವರಕ್ಕೆ ಕಳಿಸಿದ್ದರು, ಮಡಿಲು ತುಂಬಿ ಕಳಿಸಿದ ಹಾಗೆ.
ಜೇಬಿನಿಂದ ಫೋಟೋ ತೆಗೆದ.
ಅವನ ಮಗಳು ಎರಡೂ ತೋಳಲ್ಲಿ ತಬ್ಬಿ ಹಿಡಿದಿದ್ದಾಳೆ,
ಆದರೂ ಬಾಲ ಜೋತುಬಿದ್ದಿದೆ. ಅದೇ ಕಪ್ಪು ಚುಕ್ಕೆ, ಅದೇ ದವಡೆ.
ತವರಲ್ಲಿ ಬಡಕಲು, ಅಲ್ಲಿ ಈ ಮೈ!
“ಚೆನ್ನಾಗಿದ್ದಾಳಲ್ಲ,” ಎಂದೆ.
ಅವನು ಚಹಾ ಕಲಕಿದ. ಸಕ್ಕರೆ ಕರಗಿದ ಮೇಲೂ ಕಲಕಿದ.
“ಚೆನ್ನಾಗಿದ್ದಾಳೆ. ನಮ್ಮ ಸಣ್ಣ ಮೀನು ತಿಂದು ಚೆನ್ನಾಗಿದ್ದಾಳೆ.
ನಮ್ಮಪ್ಪ ಬುಟ್ಟಿಗಟ್ಟಲೆ ತರುತ್ತಿದ್ದ ಚೆಬಾಕ್
ಈಗ ನನ್ನ ಬಲೆಗೆ ಬೀಳುವುದಿಲ್ಲ.”

ಬೊಜಾಕ್. ಚೆಬಾಕ್.
ಎರಡು ಹೆಸರೂ ಮೇಜಿನ ಮೇಲೆ ಪಕ್ಕಪಕ್ಕ ಕೂತವು,
ಕುಡಿದಿಟ್ಟ ಲೋಟಗಳ ಹಾಗೆ.
ಕ್ಷಮಿಸು ಎನ್ನಲೇ? ಯಾರ ಪರವಾಗಿ?
ಲವಾಶ್ ರೊಟ್ಟಿಯಲ್ಲಿ ಚೀಸ್ ಸುತ್ತಿ ಕೊಟ್ಟೆ.
ತಿಂದ. ಇನ್ನೊಂದು ಕೇಳಿದ.

ಸಾಕು, ಈಗ ನೀರು ಬಿಡು.
ಒಂದು ಗಂಟೆ ಅಲುಗಿಸಬೇಡ, ಮೊಟ್ಟೆ ಗಟ್ಟಿಯಾಗಲಿ.
ನಾಳೆಯಿಂದ ದಿನಾ ಬಿಳಿಯಾದವನ್ನು ಚಿಮಟದಲ್ಲಿ ಹೆಕ್ಕು,
ಸತ್ತದ್ದು ಪಕ್ಕದ್ದನ್ನೂ ಹಿಡಿಯುತ್ತದೆ.
ಐದನೇ ವಾರ ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕೆ:
ಕಣ್ಣು.
ಉಣ್ಣುವ ಬಾಯಿಲ್ಲ, ಈಜುವ ಬಾಲವಿಲ್ಲ,
ಇಡೀ ತಟ್ಟೆ ನಿನ್ನನ್ನೇ ನೋಡುತ್ತದೆ.
ಮೂವತ್ತೊಂದು ಚಳಿಗಾಲ ಕಳೆದರೂ
ಆ ನೋಟ ನನಗೆ ರೂಢಿಯಾಗಲಿಲ್ಲ.
ಯಾವ ನೀರಿಗೆ ಬಿಡುತ್ತೀ, ಎಂದು ಕೇಳಿದ ಹಾಗಿರುತ್ತದೆ.
ನಾನು ತಟ್ಟೆ ಮುಚ್ಚಿ ಮನೆಗೆ ಹೋಗುತ್ತಿದ್ದೆ.

ಗರಿ ತೊಳೆದು ಕಿಟಕಿಯಲ್ಲಿ ತೂಗುಹಾಕು.
ಅಲ್ಲಲ್ಲ, ಆ ಮೊಳೆಗಲ್ಲ, ಅದು ಆರ್ಶಲೂಯ್ಸಳದು.
ನಿನಗೆ ಬೇರೆ ಹೊಡೆದುಕೊ.
ಸುತ್ತಿಗೆ ಕೆಳಗಿನ ಡ್ರಾಯರಿನಲ್ಲಿದೆ, ಹಿಡಿ ಸಡಿಲ, ಜೋಪಾನ.